ಹಳದಿ ಇಳಿಸಿದ ಮಾಸ್ಟ್ರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಬೂತಾಯಿ ಮೀನಿನ ತಲೆ ತೆಗೆಯುತ್ತಾ ಕೂತಿದ್ದೆ. ಕಟ್ಟೆಯ ಮೇಲಿಟ್ಟ ಫೋನು ಒಂದೇ ಸಮನೆ ಕುಂಯ್‌ಗುಡುತ್ತಿತ್ತು. ಕೈ ತೊಳೆದು ನೋಡಿದೆ. "ಸರ್ ಇನ್ನಿಲ್ಲ" ಎಂದು ಒಬ್ಬರು. "ಕಪ್ಪು ಬಿಳುಪಿನ ಋಷಿ" ಎಂದು ಇನ್ನೊಬ್ಬರು. "ನಮಗೆ ನೋಡಲು ಕಲಿಸಿದ ಗುರು" ಎಂದು ಮತ್ತೊಬ್ಬರು, ಸಾಲಾಗಿ ಕೈಮುಗಿದ ಚಿತ್ರಗಳೊಂದಿಗೆ. ಎಲ್ಲವನ್ನೂ ಓದಿದೆ. ಓದಿ ಮತ್ತೆ ಮೀನಿಗೆ ಕೂತೆ. ಮಸಾಲೆ ಅರೆದು ಪುಳಿಮುಂಚಿ ಮಾಡಿದೆ, ಎರಡು ಸಲ ಬಡಿಸಿಕೊಂಡು ಉಂಡೆ. ಅಳು ಬರಲಿಲ್ಲ. ಬಂದಿದ್ದರೆ ತಾನೇ ತೋರಿಸುವುದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಹೆಂಡತಿ ಇದ್ದಾರೆ, ಪಾಪ, ಒಳ್ಳೆಯ ಹೆಂಗಸು, ಬಂದವರಿಗೆಲ್ಲ ಬೆಲ್ಲ ನೀರು ಕೊಟ್ಟು ಮಾತಾಡಿಸುತ್ತಿದ್ದರು. ಇವರು ಮೂಡಬಿದಿರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದು ನಿವೃತ್ತರಾದವರು. ಮಿಜಾರಿನ ಹತ್ತಿರ ಮನೆ. ಇಸ್ತ್ರಿ ಹಾಕಿದ ಅರ್ಧ ತೋಳಿನ ಬಿಳಿ ಶರ್ಟು, ಶರ್ಟಿನ ಜೇಬಿನಲ್ಲಿ ಪೆನ್ನಿನ ಬದಲಿಗೆ ಕಂಪ್ಯೂಟರಿನ ಮೌಸು. ಬೇರೆಯವರ ಮೌಸನ್ನು ಅವರು ಮುಟ್ಟುತ್ತಿರಲಿಲ್ಲ. ಬೇರೆಯವರ ಫೋಟೋ ಮುಟ್ಟಲಿಕ್ಕೆ ಮಾತ್ರ ಯಾವ ಸಂಕೋಚವೂ ಇರಲಿಲ್ಲ.

ನಾನು ಬಂಟ್ವಾಳದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ದಿನವಿಡೀ ಯಾರ್ಯಾರದೋ ಕಾಗದಕ್ಕೆ ಸೀಲು ಒತ್ತಿ ಒತ್ತಿ ಬೇಸರ ಬಂದು ಒಂದು ಕ್ಯಾಮರಾ ತೆಗೆದುಕೊಂಡೆ. ಕ್ಯಾಮರಾ ಬಂದ ಮೇಲೆ ಗುಂಪೂ ಸಿಕ್ಕಿತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರೂ ಕಡೆಯ ನಮ್ಮಂಥ ಹವ್ಯಾಸಿಗಳು ಭಾನುವಾರ ಒಂದೆಡೆ ಸೇರುತ್ತಿದ್ದೆವು. ಒಂದು ವಾರ ಹೊಳೆಬದಿ, ಒಂದು ವಾರ ಉಜಿರೆಯ ಬಸ್ ಸ್ಟ್ಯಾಂಡು, ಒಂದು ವಾರ ಯಾವುದಾದರೂ ಸಂತೆ. ಬೆಳಿಗ್ಗೆ ಬಯಲಿನಲ್ಲಿ ಜನರ ಮುಖದ ಫೋಟೋ ತೆಗೆಯುವುದು, ಮಧ್ಯಾಹ್ನ ಯಾರದಾದರೂ ಮನೆಯ ಚಾವಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಅದನ್ನು ಕಪ್ಪು ಬಿಳುಪು ಮಾಡುವುದು. ಬಣ್ಣದ ಫೋಟೋ ಮಾಸ್ಟ್ರಿಗೆ ಆಗುತ್ತಲೇ ಇರಲಿಲ್ಲ. "ಬಣ್ಣವೆಂದರೆ ಗದ್ದಲ. ಮೀನು ಮಾರುಕಟ್ಟೆ" ಎನ್ನುತ್ತಿದ್ದರು. ಮೀನು ಮಾರುಕಟ್ಟೆಗೆ ಏನು ಕೊರತೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಕಲಿಸಿದ್ದನ್ನು ಇಲ್ಲವೆನ್ನುವುದಿಲ್ಲ. ನಾನು ಅವರಿಗೆ ಮೊದಲು ತೋರಿಸಿದ್ದು ಒಬ್ಬ ಬಸ್ ಕಂಡಕ್ಟರರ ಫೋಟೋ. ಹಿಂದೆ ಮಾವಿನ ಮರ. ಫೋನಿನಲ್ಲಿ ಒಂದು ಗುಂಡಿ ಒತ್ತಿ ಕಪ್ಪು ಬಿಳುಪು ಮಾಡಿಕೊಂಡು ಹೋಗಿದ್ದೆ. ಮುಖವೂ ಎಲೆಯೂ ಒಂದೇ ಬೂದಿ ಬಣ್ಣವಾಗಿ ಕಂಡಕ್ಟರರು ಮರಕ್ಕೆ ಅಂಟಿಕೊಂಡವರ ಹಾಗೆ ಕಾಣುತ್ತಿದ್ದರು. "ಏಳು" ಅಂದರು ಮಾಸ್ಟ್ರು. ಅದು ಎಲ್ಲರಿಗೂ ಅವರ ಮೊದಲ ಪಾಠ. ನೀವು ನಿಮ್ಮ ಕುರ್ಚಿ ಬಿಟ್ಟು ಏಳಬೇಕು, ಅವರು ಕೂರಬೇಕು. ಕೂತು, ಜೇಬಿನಿಂದ ಮೌಸು ತೆಗೆದು ಸಿಕ್ಕಿಸಿ, ಬಣ್ಣದ ಮೂಲ ಫೋಟೋವನ್ನೇ ತೆರೆಸಿದರು. ಪರದೆಯ ಬದಿಯಲ್ಲಿ ಬಣ್ಣಕ್ಕೊಂದು ಗೆರೆ ಇರುತ್ತದೆ, ಕೆಂಪಿಗೊಂದು, ಕಿತ್ತಳೆಗೊಂದು, ಹಳದಿಗೊಂದು, ಹಸಿರಿಗೊಂದು, ನೀಲಿಗೊಂದು. ಯಾವ ಗೆರೆಯನ್ನು ಇಳಿಸುತ್ತೀರೋ ಆ ಬಣ್ಣ ಇದ್ದಲ್ಲೆಲ್ಲ ಕಪ್ಪಾಗುತ್ತದೆ, ಏರಿಸಿದರೆ ಬೆಳ್ಳಗಾಗುತ್ತದೆ. ಅವರು ಹಸಿರು ಇಳಿಸಿದರು, ಮರ ಹಿಂದೆ ಸರಿಯಿತು. ಕಿತ್ತಳೆಯನ್ನು ಒಂದು ಚೂರು ಏರಿಸಿದರು, ಮುಖ ಮುಂದೆ ಬಂತು. ನಾನು ಬಾಯಿಬಿಟ್ಟುಕೊಂಡು ನೋಡಿದೆ.

ಸೂರ್ಯ ನೆತ್ತಿಯ ಮೇಲಿರುವಾಗ ಯಾರನ್ನೂ ಬಿಸಿಲಿನಲ್ಲಿ ನಿಲ್ಲಿಸಬೇಡಿ, ಕಣ್ಣಿನ ಜಾಗದಲ್ಲಿ ಎರಡು ಗುಂಡಿ ಬೀಳುತ್ತವೆ, ಮನೆಯ ಮಾಡಿನ ನೆರಳಿನ ಅಂಚಿಗೆ ಕರೆದು ಅಂಗಳದ ಕಡೆಗೆ ಮುಖ ಮಾಡಿಸಿ, ಅಂಗಳದ ಬೆಳಕೇ ಮುಖಕ್ಕೆ ಬರುತ್ತದೆ ಎಂದು ಹೇಳಿಕೊಟ್ಟವರೂ ಅವರೇ. ಇವತ್ತಿಗೂ ಹಾಗೆಯೇ ಮಾಡುತ್ತೇನೆ. ಉಪಕಾರ ಸ್ಮರಣೆ ಮಾತ್ರ ನನ್ನಿಂದಾಗದು.

ಏಕೆಂದರೆ ಆ ಮನುಷ್ಯನಿಗೆ ಬೇಕಾದದ್ದು ಮುಖವಲ್ಲ, ಸುಕ್ಕು. ಕಂಡಕ್ಟರರ ಮುಖವನ್ನು ಮುಂದೆ ತಂದದ್ದು ನನ್ನನ್ನು ಬಲೆಗೆ ಹಾಕಲಿಕ್ಕೆ ಎಂದು ಈಗ ಅನ್ನಿಸುತ್ತದೆ. ವಯಸ್ಸಾದವರ ಫೋಟೋ ಕೈಗೆ ಸಿಕ್ಕಿತೋ, ಕೆಂಪು ಕಿತ್ತಳೆ ಎರಡನ್ನೂ ಸರ್ರನೆ ಇಳಿಸುವುದೇ. ನಮ್ಮೂರಿನವರ ಚರ್ಮದಲ್ಲಿ ಇರುವುದೇ ಆ ಬಣ್ಣಗಳು. ಇಳಿಸಿದರೆ ಮುಖ ಇದ್ದಲು, ಇದ್ದ ಕಲೆ, ಇಲ್ಲದ ಗೆರೆ ಎಲ್ಲ ಎದ್ದು ಕೂರುತ್ತದೆ. "ನಗು ಮದುವೆಯ ಆಲ್ಬಮ್ಮಿಗೆ. ಕಲೆಗೆ ಬೇಕಾದದ್ದು ನೋವು" ಎನ್ನುತ್ತಿದ್ದರು. ಮನೆಯಲ್ಲಿ ಅವರದೂ ನಮ್ಮೆಲ್ಲರ ಹಾಗೆ ತುಳುವೇ. ಫೋಟೋದ ವಿಷಯ ಬಂದರೆ ಮಾತ್ರ ಪಾಠಪುಸ್ತಕದ ಕನ್ನಡ, ಅದೂ ಮೂಗಿನಿಂದ.

ಬೆಳ್ತಂಗಡಿಯ ಒಬ್ಬ ರಿಕ್ಷಾದವರು ನಮ್ಮ ಗುಂಪಿಗೆ ಸಲಿಗೆಯಾಗಿದ್ದರು. ನಡುವಯಸ್ಸೂ ಆಗದ ಗಟ್ಟಿ ಮನುಷ್ಯ. ಅವರದೊಂದು ಫೋಟೋವನ್ನು ಮಾಸ್ಟ್ರು ಕೂತು ತಿದ್ದಿ ಪ್ರಿಂಟ್ ಹಾಕಿಸಿ, ಪ್ರಶಸ್ತಿ ಕೊಡುವವರ ಹಾಗೆ ಎಲ್ಲರೆದುರು ಕೊಟ್ಟರು. ರಿಕ್ಷಾದವರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಸರ್, ನನಗೆ ಎಂತಾದ್ರೂ ಕಾಯಿಲೆ ಉಂಟಾ?"

ನಾವೆಲ್ಲ ಗೊಳ್ಳೆಂದು ನಕ್ಕೆವು. ಮಾಸ್ಟ್ರು ನಗಲಿಲ್ಲ. "ಅದು ನಿನ್ನ ಒಳಗಿನ ದಣಿವು" ಅಂದರು.

"ದಣಿವು ಎಂತದು ಮಾರಾಯ್ರೆ, ನಾನು ಈಗಷ್ಟೇ ಎದ್ದು ಬಂದದ್ದು!" ಅಂದರು ರಿಕ್ಷಾದವರು. ಆ ಪ್ರಿಂಟನ್ನು ಮನೆಗೆ ಒಯ್ದರೋ ಹೊಳೆಗೆ ಎಸೆದರೋ, ಆಮೇಲೆ ನಮ್ಮ ಕಡೆ ಅಷ್ಟಾಗಿ ಬರಲಿಲ್ಲ.

ಇನ್ನೊಬ್ಬರ ದಣಿವನ್ನು ಹೀಗೆ ಮುಖದಿಂದ ಅಗೆದು ತೆಗೆಯುವ ಈ ಮಹಾನುಭಾವರ ಸ್ವಂತ ಫೋಟೋ, ಅವರ ವಾಟ್ಸಾಪಿನಲ್ಲಿ ಇದ್ದದ್ದು, ಬಣ್ಣದ್ದು! ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ನೀಲಿ ಪರದೆ, ಕೆನ್ನೆ ಬೆಣ್ಣೆ ಹಚ್ಚಿದ ಹಾಗೆ ನುಣುಪು, ತಲೆಗೂದಲಿಗೂ ಯಾರೋ ಕಂಪ್ಯೂಟರಿನಲ್ಲಿ ಕಪ್ಪು ಬಳಿದಿದ್ದರು. ಒಂದು ದಿನ ತಡೆಯಲಾರದೆ ಕೇಳಿದೆ, "ಸರ್, ನಿಮ್ಮದೂ ಒಂದು ಕಿತ್ತಳೆ ಇಳಿಸಿ ಮಾಡುವ, ಆಗದಾ?"

"ಅದು ಪರಿಚಯಕ್ಕೆ ಇರುವ ಫೋಟೋ. ಕಲೆಯಲ್ಲ" ಅಂದರು. ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದರು, ಕೆಟ್ಟ ಪ್ರಿಂಟನ್ನು ನೋಡುವಾಗ ನೋಡುತ್ತಿದ್ದ ಹಾಗೆ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಒಂದು ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತಿದ್ದೆ. ದೊಡ್ಡಮ್ಮನ ಫೋಟೋದ ವಿಷಯಕ್ಕೆ ಬರುತ್ತೇನೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಫರಂಗಿಪೇಟೆಯಿಂದ ಸ್ವಲ್ಪ ಒಳಗೆ ಮನೆ. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಮಗ ಹರೀಶ ಶಾರ್ಜಾದಲ್ಲಿ ದೊಡ್ಡ ಅಂಗಡಿಯೊಂದರ ಮ್ಯಾನೇಜರು. ತಾರಸಿ ಮನೆ ಕಟ್ಟಿಸಿದ್ದಾನೆ, ಕೇಳಿದ್ದು ಕೇಳದ್ದು ಎಲ್ಲ ಕಳಿಸುತ್ತಾನೆ, ಹೆಂಡತಿಯನ್ನು ಅಮ್ಮನ ಜೊತೆಗೇ ಬಿಟ್ಟಿದ್ದಾನೆ. ಅಷ್ಟಿದ್ದರೂ ದೊಡ್ಡಮ್ಮ ಬೆಳಗಾದರೆ ಹಳೆಯ ನೂಲಿನ ಸೀರೆ ಉಟ್ಟು ಅಂಗಳಕ್ಕಿಳಿಯುವವಳೇ. ಮಡಿಲಲ್ಲಿ ಗೆರಸೆ ಇಟ್ಟು ಬೀಡಿ ಕಟ್ಟುವುದು, ಬೇಸಿಗೆಯಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುವುದು. "ಎಂತಕ್ಕೆ ಅತ್ತೆ ಇನ್ನೂ ಇದೆಲ್ಲ?" ಎಂದು ಸೊಸೆ ಕೇಳಿದರೆ, "ಕೈ ಸುಮ್ಮನಿದ್ದರೆ ನನಗೆ ಜ್ವರ ಬರ್ತದೆ" ಎನ್ನುವುದು. ದಾರಿಯಲ್ಲಿ ಹೋಗುವವರನ್ನು ಕರೆದು ಕೈಗೆ ಏನಾದರೂ ಹಾಕದಿದ್ದರೆ ಅವಳಿಗೆ ಉಂಡ ಹಾಗಾಗುತ್ತಿರಲಿಲ್ಲ. ಪೋಸ್ಟಿನವರು, ಗ್ಯಾಸಿನವರು, ಶಾಲೆಯ ಮಕ್ಕಳು, ಯಾರೂ ಆ ಗೇಟು ದಾಟಿ ಬರಿಗೈಯಲ್ಲಿ ಹೋದದ್ದಿಲ್ಲ.

ಆ ದಿನ ಅವಳು ಬಕ್ಕೆ ಹಲಸನ್ನು ಕೊರೆದು ಸೊಳೆ ಬಿಡಿಸುತ್ತಿದ್ದಳು. ಮಾಸ್ಟ್ರು ಕಲಿಸಿದ ಹಾಗೆಯೇ ಮಾಡಿನ ನೆರಳಿನ ಅಂಚಿಗೆ ಕೂರಿಸಿ ನಾನು ಕ್ಯಾಮರಾ ಹಿಡಿದೆ.

"ಹಲ್ಲಿಲ್ಲದವಳ ಫೋಟೋ ಯಾರಿಗೆ ಬೇಕಾಗಿದೆ?" ಅಂದಳು.

"ಶಾರ್ಜಾದಲ್ಲಿ ನಿನಗೊಂದು ಗಂಡು ನೋಡುವ ಅಂತ ದೊಡ್ಡಮ್ಮ. ಫೋಟೋ ಕಳಿಸಬೇಡ್ವಾ?"

"ಥೂ ನಿನ್ನ!" ಎಂದು ಕಣ್ಣು ಮುಚ್ಚಿಹೋಗುವಷ್ಟು ನಕ್ಕಳು. ನಗುತ್ತಲೇ ಒಂದು ಸೊಳೆಯನ್ನು ಅಂಗೈಯಲ್ಲಿಟ್ಟು ನನ್ನ ಕಡೆ ಚಾಚಿ, "ಇಂದಾ, ಮೊದಲು ತಿನ್ನು, ಮತ್ತೆ ಮಾತಾಡು" ಅಂದಳು. ಇಂದಾ ಅಂದರೆ ತುಳುವಿನಲ್ಲಿ ತಗೋ ಅಂತ. ಆ ಮಾತಿಗೂ ಆ ನಗುವಿಗೂ ಸರಿಯಾಗಿ ನಾನು ಕ್ಲಿಕ್ ಮಾಡಿದ್ದೆ. ಬದಿಯಲ್ಲಿ ಹಪ್ಪಳದ ಚಾಪೆ, ಕೈಯಲ್ಲಿ ಬಳೆ, ಅಂಗೈಯಲ್ಲಿ ಅರಸಿನದಷ್ಟು ಹಳದಿಯ ಸೊಳೆ. ನಾನು ತೆಗೆದ ಫೋಟೋಗಳಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ವರ್ಷಕ್ಕೊಮ್ಮೆ ನಮ್ಮ ಗುಂಪಿನದೊಂದು ಪ್ರದರ್ಶನ ಇರುತ್ತಿತ್ತು. ಅದಕ್ಕೆ ಆರಿಸಲೆಂದು ಎಲ್ಲರೂ ಮೂಲ ಫೋಟೋಗಳನ್ನು ಮಾಸ್ಟ್ರ ಕಂಪ್ಯೂಟರಿಗೆ ಹಾಕಿ ಬರುವುದು ವಾಡಿಕೆ. ನಾನೂ ಹಾಕಿ ಬಂದಿದ್ದೆ. ಆಮೇಲಿನದು ನನಗೆ ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ, ಪತ್ರಿಕೆಯ ಪುರವಣಿಯಲ್ಲಿ. ಎಲ್ಲಿಯದೋ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಫೋಟೋದ ಹೆಸರು "ಹಸಿವು". ತೆಗೆದವರು, ನನ್ನ ಹೆಸರು.

ಹಪ್ಪಳ ಇಲ್ಲ. ಚಾಪೆ ಇಲ್ಲ. ಸುತ್ತಲೂ ಕತ್ತರಿಸಿ ಬರೀ ಮುಖ ಮತ್ತು ಅಂಗೈ, ಬಳೆ ಕಪ್ಪಿನಲ್ಲಿ ಕರಗಿತ್ತು. ಕೆಂಪು, ಕಿತ್ತಳೆ, ಹಳದಿ ಮೂರನ್ನೂ ತಳ ಮುಟ್ಟುವವರೆಗೆ ಇಳಿಸಿದ್ದರು. ಮುಖ ಸುಟ್ಟ ಕಟ್ಟಿಗೆಯ ಹಾಗಾಗಿತ್ತು. ನಗುವಿಗೆ ಮುಚ್ಚಿದ ಕಣ್ಣು ಆ ಕಪ್ಪಿನಲ್ಲಿ ಅಳುವಿಗೆ ಮುಚ್ಚಿದ ಹಾಗೆ ಕಾಣುತ್ತಿತ್ತು. ಸೊಳೆಯ ಹಳದಿಯೂ ಅಂಗೈಯ ಬಣ್ಣವೂ ಒಂದೇ ಕಪ್ಪಾಗಿ, ಸೊಳೆ ಎಂಬುದೇ ಇರಲಿಲ್ಲ. ಹಲಸು ಕೊಡಲು ಚಾಚಿದ ಕೈ ಭಿಕ್ಷೆಗೆ ಚಾಚಿದ ಕೈಯಾಗಿತ್ತು. ಅಯ್ಯೋ ದೇವರೇ! ನಾನು ಆ ಪುಟವನ್ನು ಮುದ್ದೆ ಮಾಡಿ, ಮತ್ತೆ ಬಿಡಿಸಿ, ಮತ್ತೆ ಮುದ್ದೆ ಮಾಡಿದೆ.

ಸ್ಕೂಟರ್ ಹತ್ತಿ ನೇರ ಮಿಜಾರಿಗೆ ಹೋದೆ. ಮಾಸ್ಟ್ರು ಜಗಲಿಯಲ್ಲಿ ಪತ್ರಿಕೆ ಹರಡಿಕೊಂಡು ಕೂತಿದ್ದರು. ನನ್ನನ್ನು ನೋಡಿ ಮುಖ ಅರಳಿತು. "ಬಾ ಮಗಳೇ. ನಿನಗೆ ಆಶ್ಚರ್ಯವಾಗಲೆಂದೇ ಹೇಳಿರಲಿಲ್ಲ" ಅಂದರು.

"ಸರ್, ಅವಳ ಕೈಯಲ್ಲಿ ಹಲಸಿನ ಸೊಳೆ ಇತ್ತು."

"ಇತ್ತು" ಅಂ‌ದರು, ಅದೊಂದು ದೊಡ್ಡ ಸಂಗತಿಯೇ ಅಲ್ಲದ ಹಾಗೆ. "ಹಳದಿಯನ್ನು ಬಿಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಇಳಿಸಿ ನೋಡಿದೆ. ಕೈ ಖಾಲಿಯಾಯಿತು. ಆಗ ಚಿತ್ರಕ್ಕೆ ಜೀವ ಬಂತು."

ಅಂದರೆ ಗೊತ್ತಿಲ್ಲದೆ ಆದದ್ದಲ್ಲ. ಗೊತ್ತಿದ್ದೇ ಮಾಡಿದ್ದು. ಅಲ್ಲಿಯವರೆಗೆ ನನಗೆ ಎಲ್ಲೋ ಒಂದು ಮೂಲೆಯಲ್ಲಿ, ಕಣ್ತಪ್ಪಿ ಆಗಿರಬಹುದು ಎಂಬ ಆಸೆ ಇತ್ತು.

"ಅವಳು ಬೇಡುತ್ತಾ ಇರಲಿಲ್ಲ ಸರ್. ನನಗೆ ಕೊಡುತ್ತಾ ಇದ್ದಳು. ನೀವು ಪತ್ರಿಕೆಯವರಿಗೆ ಹೇಳಬೇಕು. ಅದು ಹಸಿವು ಅಲ್ಲ, ಅವಳು ಭಿಕ್ಷುಕಿಯಲ್ಲ ಅಂತ ಎರಡು ಸಾಲು ಹಾಕಿಸಬೇಕು."

"ಕೊಡುವ ಕೈಗೆ ಯಾರು ಬಹುಮಾನ ಕೊಡುತ್ತಾರೆ?" ಎಂದು ಅವರು ನಕ್ಕರು. "ಇದು ಈಗ ನಿನ್ನ ದೊಡ್ಡಮ್ಮ ಅಲ್ಲ ಮಗಳೇ. ಇದು ಮನುಕುಲ. ನಿನ್ನದು ಅಡಿಗೆಮನೆಯ ಕಣ್ಣು, ಅದರಿಂದ ಹೊರಗೆ ಬಾ. ಅಲ್ಲದೆ ಬಹುಮಾನ ನಿನ್ನ ಹೆಸರಿಗೆ ಬಂದಿದೆ. ನಾನು ಏನು ತೆಗೆದುಕೊಂಡೆ, ಹೇಳು?"

ಅವರ ಹೆಂಡತಿ ಬೆಲ್ಲ ನೀರು ತಂದರು. ಕುಡಿಯದೆ ಎದ್ದು ಬಂದೆ. ಗುಂಪನ್ನು ಆವತ್ತೇ ಬಿಟ್ಟೆ. ಪತ್ರಿಕೆಗೆ ನಾನೇ ಬರೆದೆ, ಅವರು ಹಾಕಲಿಲ್ಲ.

ಆ ಹೊತ್ತಿಗೆ ಆ ಪುಟ ಫೋನಿನಿಂದ ಫೋನಿಗೆ ಹಾರಿ ಶಾರ್ಜಾ ಮುಟ್ಟಿತ್ತು. ಹರೀಶನ ಜೊತೆ ಕೆಲಸ ಮಾಡುವ ನಮ್ಮೂರಿನವರೇ ಅವನಿಗೆ ತೋರಿಸಿ, "ಇದು ನಿನ್ನ ಅಮ್ಮ ಅಲ್ವಾ ಮಾರಾಯ? ಮನೆಗೆ ಎಂತದೂ ಕಳಿಸುದಿಲ್ವಾ ನೀನು?" ಅಂದಿದ್ದರು. ಅವನು ನನಗೆ ಫೋನು ಮಾಡಿ ಬೈದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಮೂಲ ಫೋಟೋ ಕಳಿಸಿದೆ, ವಿವರಿಸಿದೆ. "ನನಗೆ ಗೊತ್ತುಂಟು ಅಕ್ಕ, ನನ್ನ ಅಮ್ಮ ಬೇಡುವವಳಲ್ಲ ಅಂತ. ಪೇಪರ್ ನೋಡಿದವರಿಗೆಲ್ಲ ನಾನು ಹೋಗಿ ಹೋಗಿ ಹಲಸಿನ ಸೊಳೆ ತೋರಿಸ್ಲಾ?" ಅಂದ.

ಅವನು ಅಲ್ಲಿಂದಲೇ ಹುಕುಂ ಹೊರಡಿಸಿದ. ಅಮ್ಮ ಇನ್ನು ಅಂಗಳಕ್ಕೆ ಇಳಿಯಬಾರದು. ಬೀಡಿ ಕಟ್ಟಬಾರದು. ಹಳೆ ಸೀರೆ ಉಡಬಾರದು. ದಾರಿಯವರನ್ನು ಕರೆದು ಮಾತಾಡಬಾರದು, ಯಾರ ಮುಂದೆಯೂ ಕೈ ಚಾಚಬಾರದು, ಕೊಡಲಿಕ್ಕೂ. ಸೊಸೆ ಪಾಪ, ಗಂಡ ಹೇಳಿದ್ದನ್ನು ಮಾಡಿದಳು. ಗೆರಸೆ ಅಟ್ಟಕ್ಕೆ ಹೋಯಿತು. ದೊಡ್ಡಮ್ಮನನ್ನು ಜರಿ ಅಂಚಿನ ನೈಲಾನ್ ಸೀರೆ ಉಡಿಸಿ ಟಿವಿಯ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ನಾನು ಎಣಿಸಿದ್ದೆ, ಅವಳು ಜಗಳ ಮಾಡುತ್ತಾಳೆ ಎಂದು. ಇಡೀ ಊರನ್ನು ಬಾಯಲ್ಲೇ ನಿಲ್ಲಿಸುವ ಹೆಂಗಸು. ಅವಳು ಚಕಾರ ಎತ್ತದೆ ಹೋಗಿ ಕೂತಳು. ನಾನು ಫೋನಿನಲ್ಲಿ ಮೂಲ ಫೋಟೋ ತೋರಿಸಲು ಹೋದರೆ ಮುಖ ತಿರುಗಿಸಿ, "ಬೇಡ, ತೆಗಿ ಅದನ್ನು" ಎನ್ನುತ್ತಿದ್ದಳು. ಹೋದಾಗಲೆಲ್ಲ ತಿನ್ನಲು ಸೊಸೆಯೇ ತಟ್ಟೆಯಲ್ಲಿ ತಂದಿಡುತ್ತಿದ್ದಳು. ದೊಡ್ಡಮ್ಮನ ಕೈ ಮಡಿಲಲ್ಲೇ ಇರುತ್ತಿತ್ತು.

ಮಾಸ್ಟ್ರು ಅತ್ತ ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸಿ ಕಾಲೇಜು ಕಾಲೇಜುಗಳಿಗೆ ಒಯ್ದು ಪಾಠ ಮಾಡುತ್ತಿದ್ದರಂತೆ. "ನನ್ನ ಶಿಷ್ಯೆಯ ಚಿತ್ರ" ಎಂದು ಹೇಳಿ ದೊಡ್ಡ ಮನಸ್ಸಿನವರೂ ಆದರು. ಮೊನ್ನೆ ಅವರ ನುಡಿನಮನಕ್ಕೆ ಗುಂಪಿನ ಕಾರ್ಯದರ್ಶಿ ಫೋನು ಮಾಡಿದಾಗ ಅದನ್ನೇ ಹೇಳಿದರು. "ಮೇಡಂ, ನೀವು ಬರಲೇಬೇಕು. ನಿಮ್ಮ ಹಸಿವು ಫೋಟೋವನ್ನು ಸ್ಟೇಜಿನಲ್ಲಿ ಇಡ್ತೇವೆ. ಎರಡು ಮಾತಾಡಿ." ಬರುತ್ತೇನೆ ಅಂದೆ.

ಮೂಡಬಿದಿರೆಯ ಸಭಾಂಗಣ ತುಂಬಿತ್ತು. ವೇದಿಕೆಯ ಒಂದು ಬದಿಯಲ್ಲಿ ಮಾಸ್ಟ್ರ ಅದೇ ಸ್ಟುಡಿಯೋ ಫೋಟೋ, ನೀಲಿ ಪರದೆ, ಬೆಣ್ಣೆ ಕೆನ್ನೆ, ಮಲ್ಲಿಗೆ ಹಾರ. ಇನ್ನೊಂದು ಬದಿಯಲ್ಲಿ ನನ್ನ ದೊಡ್ಡಮ್ಮ, ಇದ್ದಲಿನ ಹಾಗೆ, ಕೈ ಚಾಚಿಕೊಂಡು. ಬಂದವರು ಅವರಿಗೆ ಹೂ ಹಾಕಿ ಇವಳನ್ನು ನೋಡಿ ಚ್ಚುಚ್ಚು ಎನ್ನುತ್ತಿದ್ದರು. ನನ್ನ ಸರದಿ ಬಂದಾಗ ಹೂ ಹಾಕದೆ ನೇರ ಮೈಕಿಗೆ ಹೋದೆ.

ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಇವಳು ನನ್ನ ದೊಡ್ಡಮ್ಮ, ಹಸಿದವಳಲ್ಲ, ಅಳುತ್ತಲೂ ಇಲ್ಲ. ಅವಳ ಕೈಯಲ್ಲಿ ಹಲಸಿನ ಸೊಳೆ ಇತ್ತು. ನಿಮ್ಮ ಗುರುಗಳು ಗೊತ್ತಿದ್ದೂ ಹಳದಿ ಇಳಿಸಿ ಅದನ್ನು ಅಳಿಸಿದರು, ಕೇಳಿದರೆ ಕೊಡುವ ಕೈಗೆ ಬಹುಮಾನ ಇಲ್ಲ ಅಂದರು. ಇದರಿಂದ ಒಬ್ಬ ಹೆಂಗಸು ತನ್ನ ಅಂಗಳ ಕಳೆದುಕೊಂಡಳು. ಹೇಳಿ ಫೋನಿನಲ್ಲಿದ್ದ ಬಣ್ಣದ ಫೋಟೋವನ್ನು ಎತ್ತಿ ಹಿಡಿದೆ. ಮುಂದಿನ ಸಾಲಿನವರು ಬಗ್ಗಿ ಬಗ್ಗಿ ನೋಡಿದರು. ಸದ್ಯ, ಅರ್ಥವಾಯಿತು ಅಂದುಕೊಂಡೆ.

ಕಾರ್ಯದರ್ಶಿ ಮೈಕು ತೆಗೆದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ನೋಡಿದಿರಾ? ಒಂದು ಬಣ್ಣ, ಒಂದೇ ಒಂದು ಬಣ್ಣ! ಅಂಗಳದಲ್ಲಿ ತೆಗೆದ ಒಂದು ಸಾಮಾನ್ಯ ಫೋಟೋವನ್ನು ಸರ್ ಎಲ್ಲಿಗೆ ಕೊಂಡುಹೋದರು! ಮೇಡಂ, ದಯವಿಟ್ಟು ಮೂಲವನ್ನು ನಮಗೂ ಕಳಿಸಿ. ಎರಡನ್ನೂ ಅಕ್ಕಪಕ್ಕ ಹಾಕಿ ಮಕ್ಕಳಿಗೆ ಕಲಿಸುವ."

ಚಪ್ಪಾಳೆ ಬಿತ್ತು. ಒಬ್ಬಿಬ್ಬರದಲ್ಲ, ಇಡೀ ಸಭೆಯದು.

ನಾನು ಹೋಗಿ ಸ್ಟ್ಯಾಂಡಿನಿಂದ ಆ ಫ್ರೇಮನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದೆ. "ಮೇಡಂ, ಮೇಡಂ, ಅದು ಸಂಘದ್ದು" ಎಂದು ಕಾರ್ಯದರ್ಶಿ ಹಿಂದೆಯೇ ಓಡಿ ಬಂದರು. "ಪೊಲೀಸಿಗೆ ಕೊಡಿ" ಅಂದೆ. ಅವರು ಅಲ್ಲೇ ನಿಂತರು.

ಫ್ರೇಮನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ನಿಲ್ಲಿಸಿ, ಶಾಲು ಹೊದೆಸಿ ಫರಂಗಿಪೇಟೆಯವರೆಗೆ ಬಂದೆ. ಒಡೆದು ಸುಡುವುದೇ ಎಂದಿತ್ತು ನನಗೆ. ದೊಡ್ಡಮ್ಮ ಟಿವಿಯ ಎದುರು ಕೂತಿದ್ದಳು. ಸೊಸೆ ಪೇಟೆಗೆ ಹೋಗಿದ್ದಳು.

"ಆ ಮಾಸ್ಟ್ರು ತೀರಿಹೋದರು" ಅಂದೆ.

"ಹೌದಾ" ಅಂದಳು. ಒಳ್ಳೆಯದಾಯಿತು ಅನ್ನಲಿಲ್ಲ, ಅಯ್ಯೋ ಅಂತಲೂ ಅನ್ನಲಿಲ್ಲ. "ಆ ಶಾಲಿನ ಒಳಗೆ ಎಂತದು?" ಎಂದು ಕೇಳಿದಳು. ನಾನು ಶಾಲನ್ನು ಇನ್ನಷ್ಟು ಎಳೆದು ಮುಚ್ಚಿದೆ. "ಅದೇನಾ? ತೋರಿಸು. ಅವರೇ ಹೋದರಲ್ಲ, ಇನ್ನು ಎಂತಕ್ಕೆ ಮುಚ್ಚುದು?"

ಕನ್ನಡಕ ಹಾಕಿಕೊಂಡಳು. ಪತ್ರಿಕೆಯ ಅಂಗೈಯಗಲದ ಚಿತ್ರ ಬಿಟ್ಟರೆ ಅವಳು ಅದನ್ನು ನೋಡಿರಲೇ ಇಲ್ಲ. ಫ್ರೇಮನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಗಾಜಿನ ಮೇಲೆ ಆ ಕಪ್ಪು ಅಂಗೈಯ ಜಾಗದಲ್ಲಿ ಬೆರಳಾಡಿಸಿದಳು.

"ಇಲ್ಲಿ ಎಂತದೋ ಉಬ್ಬಿದ ಹಾಗೆ ಉಂಟಲ್ಲ?"

"ಸೊಳೆ ದೊಡ್ಡಮ್ಮ. ಬಕ್ಕೆ ಹಲಸಿನ ಸೊಳೆ. ನನಗೆ ತಿನ್ನಲಿಕ್ಕೆ ಕೊಟ್ಟದ್ದು."

ನಾನು ಫೋನು ತೆರೆದು ಬಣ್ಣದ ಫೋಟೋವನ್ನು ಫ್ರೇಮಿನ ಪಕ್ಕಕ್ಕೆ ಹಿಡಿದೆ. ಈ ಸಲ ಅವಳು ಮುಖ ತಿರುಗಿಸಲಿಲ್ಲ. ಅದನ್ನು ನೋಡಿದಳು, ಇದನ್ನು ನೋಡಿದಳು, ಮತ್ತೆ ಅದನ್ನು ನೋಡಿದಳು.

"ನಾನು ನಗ್ತಾ ಇದ್ದದ್ದಾ?"

"ನಗ್ತಾ ಇದ್ದದ್ದೇ. ನಿನಗೆ ಗಂಡು ನೋಡುವ ಅಂದಿದ್ದೆ ನಾನು."

"ಹ್ಞಾಂ, ಹೌದು ಹೌದು." ಅವಳ ಧ್ವನಿ ಸಣ್ಣದಾಯಿತು. "ನಾನು ನೋಡ್ಲಿಕ್ಕೆ ಹೀಗೇ ಆಗಿದ್ದೇನೆ ಅಂತ ಮಾಡಿದ್ದೆ ಮಗಾ. ವಯಸ್ಸಾಯ್ತಲ್ಲ, ಬೇಡುವವರ ಮುಖ ಬಂತು ನನಗೆ ಅಂತ. ಕ್ಯಾಮರಾ ಸುಳ್ಳು ಹೇಳ್ತದಾ? ಹಾಗಾಗಿ ಹರೀಶ ಒಳಗೆ ಕೂತ್ಕೋ ಅಂದಾಗ ಕೂತೆ. ಅಂಥ ಮುಖ ಇಟ್ಕೊಂಡು ಮಕ್ಕಳ ಕೈಗೆ ತಿಂಡಿ ಕೊಟ್ಟರೆ ಅವರಿಗೂ ಹೇಸಿಗೆ ಆಗ್ಲಿಕ್ಕಿಲ್ವಾ?"

ನನಗೆ ಅಳು ಬಂತು. ಇಷ್ಟು ದಿನ ಅವಳು ಮಗನ ಮಾತಿಗೆ ಕಟ್ಟುಬಿದ್ದು ಕೂತಿದ್ದಾಳೆ ಎಂದೇ ನಾವೆಲ್ಲ ತಿಳಿದಿದ್ದೆವು. ಅವಳು ಕೂತದ್ದು ತನ್ನ ಮುಖಕ್ಕೆ ನಾಚಿ. ನಾನು ಏನು ತೆಗೆದುಕೊಂಡೆ ಎಂದು ಕೇಳಿದ್ದರಲ್ಲ ಮಹಾರಾಯರು, ಇದನ್ನು.

ದೊಡ್ಡಮ್ಮ ಅಳಲಿಲ್ಲ. ಫ್ರೇಮನ್ನು ನೆಲಕ್ಕೆ ಮಗುಚಿ ಇಟ್ಟಳು. ಅವಳ ಮೂಗಿನ ಹೊಳ್ಳೆ ಅರಳಿತು, ಅದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಸಿಟ್ಟು. "ಫೋನು ಮಾಡು ಅವನಿಗೆ" ಅಂದಳು.

ಹರೀಶ ಎತ್ತಿದ. ಅವಳು ಅವನಿಗೆ ಹಲೋ ಅನ್ನಲೂ ಬಿಡಲಿಲ್ಲ. "ಹರೀಶಾ, ಕೇಳು. ನಾಳೆಯಿಂದ ನಾನು ಅಂಗಳಕ್ಕೆ ಇಳೀತೇನೆ. ಹಳೇ ಸೀರೆಯಲ್ಲೇ ಇಳೀತೇನೆ. ನಿನ್ನ ಅಲ್ಲಿಯವರು ಕೇಳಿದರೆ ನನ್ನ ಅಮ್ಮ ಹಲಸು ಕೊಡ್ತಾ ಇದ್ದಳು ಅಂತ ಹೇಳು. ಹೇಳ್ಲಿಕ್ಕೆ ನಿನಗೆ ನಾಚಿಕೆ ಆದರೆ ಫೋನು ಅವರ ಕೈಗೆ ಕೊಡು, ನಾನೇ ಹೇಳ್ತೇನೆ." ಆ ಕಡೆಯಿಂದ "ಅಮ್ಮಾ, ಅಮ್ಮಾ, ಒಂದು ನಿಮಿಷ" ಎಂದು ಕೇಳುತ್ತಿತ್ತು. ಅವಳು ಫೋನನ್ನು ನನ್ನ ಕೈಗೆ ಕೊಟ್ಟು ಎದ್ದು, ಅಟ್ಟದ ಏಣಿಯ ಬುಡಕ್ಕೆ ಹೋಗಿ ನಿಂತಳು. "ಹತ್ತಿ ಆ ಗೆರಸೆ ತೆಗೆದುಕೊಡು. ಬೀಡಿ ಎಲೆ ನೆನೆ ಹಾಕ್ಬೇಕು."

ತೆಗೆದುಕೊಟ್ಟೆ. ಅವಳು ಬಾಗಿಲಿನ ಹತ್ತಿರ, ಅಂಗಳದ ಬೆಳಕಿಗೆ ಮುಖ ಮಾಡಿ ಕೂತು ಸೆರಗಿನಿಂದ ಗೆರಸೆಯ ಧೂಳು ಒರೆಸತೊಡಗಿದಳು. ಸಿಟ್ಟಿನಿಂದ ಕೆಂಪೇರಿದ ಮುಖ, ಕೆದರಿದ ಬಿಳಿ ಕೂದಲು, ಎಷ್ಟು ಚೆಂದ ಇದ್ದಳು! ನನ್ನ ಕೈ ತನ್ನಷ್ಟಕ್ಕೆ ಚೀಲದೊಳಗೆ ಹೋಗಿ ಕ್ಯಾಮರಾ ಹಿಡಿದು ಹೊರಗೆ ಬಂತು.

ಅವಳು ನೋಡಿದಳು. ಒರೆಸುವುದನ್ನು ನಿಲ್ಲಿಸಿದಳು.

"ಅದು ಬೇಡ."

"ಬಣ್ಣದ್ದೇ ತೆಗೀತೇನೆ ದೊಡ್ಡಮ್ಮ. ಯಾರಿಗೂ ಕೊಡುದಿಲ್ಲ. ನನಗೆ ಮಾತ್ರ."

"ನಿನ್ನ ಮೇಲೆ ಸಿಟ್ಟಿಲ್ಲ ಮಗಾ. ನಾಳೆ ಬಾ, ಊಟಕ್ಕೇ ಬಾ. ಅದನ್ನು ಮಾತ್ರ ಮನೆಯಲ್ಲಿ ಇಟ್ಟು ಬಾ." ಸೆರಗನ್ನು ಎಳೆದು ಮುಖದ ಅರ್ಧ ಮುಚ್ಚಿಕೊಂಡಳು. "ನನಗೆ ಅದನ್ನು ಕಂಡರೆ ಹೆದರಿಕೆ."

ಕೋಳಿಗೂಡಿಗೆ ಹೊಕ್ಕ ಹಾವನ್ನು ಬಾಲ ಹಿಡಿದು ಎಳೆದು ಬಿಸಾಡಿದ ಹೆಂಗಸು ಅದು. ಹೆದರಿಕೆ ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಕ್ಯಾಮರಾವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಆ ಸದ್ದು ಕೇಳಿದ ಮೇಲೆಯೇ ಅವಳು ಸೆರಗು ಇಳಿಸಿದ್ದು.